ಬಣ್ಣ ಹಚ್ಚಿದ ತಲೆ ಮತ್ತು ಜಿಡ್ಡಿನ ಬಾಟಲಿ

ಕೆಲಸ ಬಿಟ್ಟ ಮೇಲೆ ನನ್ನ ಬಲಗೈ ಉಗುರುಗಳು ಮೊದಲಿನ ಬಣ್ಣಕ್ಕೆ ಬರಲು ಎಂಟು ತಿಂಗಳು ಬೇಕಾಯಿತು. ಡೈ ಡಬ್ಬಿಯೊಳಗೆ ಕೈಗವಸು ಇರುತ್ತದೆ, ಹಾಕಿಕೊಳ್ಳಿ ಎಂದು ಚಿತ್ರ ಸಮೇತ ಬರೆದಿರುತ್ತದೆ. ಊರ ಹೆಂಗಸರಿಗೆಲ್ಲ ಅದನ್ನು ಓದಿ ಹೇಳಿದವಳು ನಾನು, ಹಾಕಿಕೊಳ್ಳದವಳೂ ನಾನೇ. ಗವಸು ಹಾಕಿದರೆ ಕೂದಲು ಎಳೆ ಎಳೆಯಾಗಿ ಕೈಗೆ ತಿಳಿಯುವುದಿಲ್ಲ ಎಂಬ ಜಂಬ. ಪಾರ್ಲರ್ ಕೆಲಸಕ್ಕೆ ಹೊಸದಾಗಿ ಇಳಿಯುತ್ತಿರುವ ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲು ಗವಸು ಹಾಕಿಕೊಳ್ಳಿ. ಉಳಿದದ್ದನ್ನು ಆಮೇಲೆ ಮಾತಾಡೋಣ.

ನನ್ನ ಅಂಗಡಿ ಇದ್ದದ್ದು ರೋಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ. ಒಂದು ಕೋಣೆ, ಒಂದು ಕುರ್ಚಿ, ಒಂದು ಕನ್ನಡಿ, ಬಾಗಿಲಿಗೆ ದಪ್ಪ ಪರದೆ. ಮಂಗಳವಾರ ಗಜೇಂದ್ರಗಡಕ್ಕೂ ಶುಕ್ರವಾರ ನರಗುಂದಕ್ಕೂ ಚೀಲ ಹೊತ್ತು ಹೋಗುತ್ತಿದ್ದೆ. ಅಲ್ಲಿ ಪರಿಚಯದ ಟೇಲರ್ ಹೆಂಗಸರ ಮನೆಯ ಒಳಕೋಣೆಯೇ ನನ್ನ ಪಾರ್ಲರ್. ಎರಡು ಸಾವಿರದ ಇಸವಿಯ ಆಚೀಚೆ ನಮ್ಮ ಕಡೆ ಪಾರ್ಲರಿಗೆ ಹೋಗುವುದೆಂದರೆ ಗುಟ್ಟಿನ ಕೆಲಸ. ಹುಬ್ಬು ತೀಡಿಸಿಕೊಂಡ ಸೊಸೆ ಮೂರು ದಿನ ಸೆರಗು ಹಣೆಯವರೆಗೆ ಎಳೆದುಕೊಂಡು ಓಡಾಡುತ್ತಿದ್ದಳು. ತಲೆಗೆ ಬಣ್ಣ ಹಾಕಿಸಿಕೊಳ್ಳಲು ಬಂದವರಂತೂ ಮೊದಲು ಪರದೆ ಪೂರ್ತಿ ಮುಚ್ಚಿದೆಯೋ ಇಲ್ಲವೋ ನೋಡಿ ಆಮೇಲೆ ಪಿನ್ನು ತೆಗೆಯುತ್ತಿದ್ದರು.

ನಾನು ಕೆಲಸ ಕಲಿತದ್ದು ಗದಗಿನ ಶಾಲಿನಿಬಾಯಿಯವರ ಹತ್ತಿರ. ನೆಟ್ಟಗೆ ನಿಲ್ಲುವ, ಮಾತು ಕಡಿಮೆಯ ಹೆಂಗಸು. ತಪ್ಪಾದರೆ ಹಣಿಗೆಯ ಹಿಂಬದಿಯಿಂದ ಬೆರಳ ಗಂಟಿನ ಮೇಲೆ ಒಂದು ಕೊಡುತ್ತಿದ್ದರು. ಮದುವೆಯಾಗಿ ಎರಡು ಮಕ್ಕಳ ತಾಯಿಯಾಗಿದ್ದ ನನಗೂ ಆ ಏಟು ತಪ್ಪಿರಲಿಲ್ಲ. ಆಗ ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ನೆನೆದರೆ ಅಂಥವರು ಸಿಕ್ಕಿದ್ದು ನನ್ನ ಪುಣ್ಯ ಅನ್ನಿಸುತ್ತದೆ.

ಇನ್ನು ಬಾಟಲಿಯ ವಿಷಯ. ನಮ್ಮ ಭಾಗದ ಬೋರಿನ ನೀರು ನಿಮಗೆ ಗೊತ್ತೇ ಇದೆ. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ. ಆ ನೀರಿನಲ್ಲಿ ವರ್ಷಗಟ್ಟಲೆ ಮಿಂದ ತಲೆಯ ಮೇಲೆ ಸುಣ್ಣದ ಪರೆ ಕೂತಿರುತ್ತದೆ. ಅದರ ಮೇಲೆ ಕೊಬ್ಬರಿ ಎಣ್ಣೆ, ಎಣ್ಣೆಯ ಮೇಲೆ ಧೂಳು. ಅಂಥ ಕೂದಲಿಗೆ ಬಣ್ಣ ಹಚ್ಚಿದರೆ ಒಂದು ಕಡೆ ಹಿಡಿಯುತ್ತದೆ, ಇನ್ನೊಂದು ಕಡೆ ಇಲ್ಲ. ಹುಬ್ಬಳ್ಳಿಯಿಂದ ಸಾಮಾನು ತರುತ್ತಿದ್ದ ಏಜೆಂಟ್ ಒಮ್ಮೆ ಹೊಸ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟ. ಕ್ಲ್ಯಾರಿಫೈಯಿಂಗ್ ಶಾಂಪೂ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಜಿಡ್ಡು, ಉಪ್ಪು, ಹಳೆಯ ಕ್ರೀಮಿನ ಪದರ ಎಲ್ಲವನ್ನೂ ಕಿತ್ತು ತೆಗೆಯುತ್ತದೆ ಎಂದ. ನಾವು ಅದಕ್ಕೆ ಜಿಡ್ಡಿನ ಬಾಟಲಿ ಎಂದೇ ಹೆಸರಿಟ್ಟೆವು.

ಏಜೆಂಟ್ ಸುಳ್ಳು ಹೇಳಿರಲಿಲ್ಲ. ಎಲ್ಲವನ್ನೂ ತೆಗೆಯುತ್ತದೆ ಅಂದಿದ್ದನಲ್ಲ, ಆ ಎಲ್ಲದರಲ್ಲಿ ನಾನು ಹಚ್ಚಿದ ಬಣ್ಣವೂ ಸೇರಿದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಹೊಳೆದದ್ದು ನರಗುಂದದಲ್ಲಿ. ಅಲ್ಲಿ ಕಿರಾಣಿ ವ್ಯಾಪಾರಸ್ಥರ ಮನೆಯ ಹೆಂಗಸೊಬ್ಬರು ನನ್ನಿಂದ ಬಣ್ಣ ಹಾಕಿಸಿಕೊಂಡು ಹೋಗಿ, ಮಾರನೆಯ ದಿನವೇ ಹೇಳಿ ಕಳಿಸಿದರು. ಹಣೆಯ ಅಂಚಿಗೂ ಕಿವಿಯ ಹಿಂದೆಯೂ ಕಪ್ಪು ಕಲೆ ಉಳಿದಿತ್ತು. ನಾನು ದೊಡ್ಡ ಜಾಣೆಯಂತೆ ಜಿಡ್ಡಿನ ಬಾಟಲಿ ತೆಗೆದು ಒಂದಲ್ಲ ಎರಡು ಸಲ ತಿಕ್ಕಿ ತೊಳೆದೆ. ಕಲೆ ಹೋಯಿತು. ಜೊತೆಗೆ ಬಚ್ಚಲಿನ ಮೋರಿಯಲ್ಲಿ ಕಡು ಕಂದು ನೀರು ಹರಿಯಿತು. ಒಣಗಿದ ಮೇಲೆ ನೋಡಿದರೆ ತಲೆ ತಾಮ್ರದ ಬಣ್ಣಕ್ಕೆ ತಿರುಗಿತ್ತು, ನಡುನಡುವೆ ಬಿಳಿ ಇಣುಕುತ್ತಿತ್ತು. ನಾಚಿಕೆ ಮುಚ್ಚಿಕೊಳ್ಳುವ ಅವಸರದಲ್ಲಿ ಅವತ್ತೇ, ಆ ಒದ್ದೆ ತಲೆಗೇ ಮತ್ತೊಂದು ಸುತ್ತು ಬಣ್ಣ ಹಚ್ಚಿಬಿಟ್ಟೆ.

ಎಣ್ಣೆಯ ರಕ್ಷೆಯೆಲ್ಲ ಹೋಗಿ, ತಿಕ್ಕಿಸಿಕೊಂಡು ಕೆಂಪಾಗಿದ್ದ ನೆತ್ತಿ ಅದು. ಹತ್ತು ನಿಮಿಷಕ್ಕೆ ಆ ತಾಯಿ ಉರಿ ಉರಿ ಎಂದು ಎದ್ದು ನಿಂತರು. ಸಂಜೆಗೆ ನೆತ್ತಿಯ ಮೇಲೆ ಗುಳ್ಳೆ ಎದ್ದವು. ಅವರು ಒಂದು ವಾರ ದವಾಖಾನೆಗೆ ಓಡಾಡಿದರು, ನನಗೆ ಒಂದು ಬೈಗುಳ ಬೈಯಲಿಲ್ಲ. ಬೈದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಆಮೇಲೆ ಎರಡು ಶುಕ್ರವಾರ ನಾನು ನರಗುಂದದ ಬಸ್ಸೇ ಹತ್ತಲಿಲ್ಲ.

ಗದಗಿಗೆ ಹೋಗಿ ಶಾಲಿನಿಬಾಯಿಯವರ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಹಣಿಗೆ ಕೈಗೆತ್ತಿಕೊಳ್ಳಲಿಲ್ಲ. ಕುರ್ಚಿ ತೋರಿಸಿ ಕೂರಲು ಹೇಳಿದರು.

"ಬಣ್ಣ ಅಂದ್ರ ಗ್ವಾಡಿಗೆ ಹಚ್ಚೂ ಸುಣ್ಣ ಅಲ್ಲ ರಜಿಯಾ. ಅದು ಕೂದ್ಲದ ಒಳಗ ಹೋಗಿ ಕುಂದರಬೇಕು. ಅದು ಇನ್ನೂ ಕುಂದರಾಕ ಜಾಗಾ ನೋಡಾಕತ್ತಿತ್ತು, ನೀ ಎಬ್ಬಿಸಿ ಹೊರಗ ಹಾಕಿದಿ," ಎಂದರು.

"ಹಂಗಾರ ಬಾಟ್ಲಿ ಕೆಟ್ಟದ್ದ ಏನ್ರಿ ಬಾಯಾರ?"

"ಬಾಟ್ಲಿ ಚಲೋನ ಐತಿ. ಯಾವಾಗ ಬಳಸಬೇಕನ್ನೂದು ನಿನಗ ಗೊತ್ತಿಲ್ಲ."

ಅವತ್ತು ನನ್ನ ತಲೆಯ ಮೇಲೆಯೇ ಮಾಡಿ ತೋರಿಸಿದರು. ಈ ಶಾಂಪೂ ಬಣ್ಣಕ್ಕಿಂತ ಮೊದಲು, ಒಂದೆರಡು ದಿನ ಮುಂಚೆ ಬಳಸುವುದು. ಆಗ ಪರೆ ಹೋಗಿ ಬಣ್ಣ ಸಮನಾಗಿ ಹಿಡಿಯುತ್ತದೆ. ಬಣ್ಣ ಹಚ್ಚಿದ ಮೇಲೆ ಮೂರು ದಿನ ತಲೆಗೆ ನೀರೇ ಬೇಡ. ಆಮೇಲೂ ದಿನನಿತ್ಯಕ್ಕೆ ಬೇರೆ ಮೆತ್ತನೆಯ ಶಾಂಪೂ ಇರಲಿ, ಇದು ತಿಂಗಳಿಗೊಮ್ಮೆ ಸಾಕು, ಅದೂ ಕೂದಲು ಜಿಡ್ಡಾಗಿ ಭಾರವೆನಿಸಿದರೆ ಮಾತ್ರ. ಬಾಟಲಿಯಿಂದ ನೇರವಾಗಿ ತಲೆಗೆ ಸುರಿಯಬಾರದು, ಒಂದು ತಂಬಿಗೆ ಸಿಹಿ ನೀರಿಗೆ ಒಂದು ಸಣ್ಣ ಚಮಚ ಕಲಸಿಕೊಳ್ಳಬೇಕು. ನೀರು ಉಗುರುಬೆಚ್ಚಗಿರಬೇಕು, ಬಿಸಿ ನೀರು ಬಣ್ಣದ ವೈರಿ. ಬುಡಕ್ಕಷ್ಟೇ ಬೆರಳ ತುದಿಯಿಂದ ಆಡಿಸಬೇಕು, ಕೆಳಗಿನ ಕೂದಲನ್ನು ಮುಟ್ಟುವ ಹಾಗಿಲ್ಲ, ಮೇಲಿನ ನೊರೆ ಅದರ ಮೇಲೆ ಹರಿದು ಹೋದರೆ ಸಾಕು. ಒಂದು ನಿಮಿಷಕ್ಕಿಂತ ಹೆಚ್ಚು ಬಿಡಬಾರದು. ಆಮೇಲೆ ತುದಿಗೆ ಕಂಡೀಷನರ್. ಮತ್ತು ಇಷ್ಟೆಲ್ಲಕ್ಕಿಂತ ಮೊದಲು ಕಿವಿಯ ಹಿಂದಿನ ಒಂದು ಎಳೆಯನ್ನು ತೊಳೆದು ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಬೇಕು. ಬಟ್ಟೆಗೆ ಬಣ್ಣ ಇಳಿದರೆ ಅವತ್ತು ಕೈ ಕಟ್ಟಿ ಕೂರಬೇಕು.

"ಮತ್ತ ತೊಳದ ದಿನಾನ ಬಣ್ಣಾ ಹಚ್ಚಬ್ಯಾಡ. ಎದುರಿಗಿನಾಕಿ ಅತ್ರೂ ಹಚ್ಚಬ್ಯಾಡ," ಎಂದು ಕೊನೆಗೆ ಹೇಳಿದರು. ಬಸ್ಸಿನಲ್ಲಿ ಬರುವಾಗ ಆ ಮಾತನ್ನು ಹತ್ತು ಸಲ ಹೇಳಿಕೊಂಡೆ.

ನಾನು ಕಲಿತದ್ದನ್ನು ಗಿರಾಕಿಗಳಿಗೆ ಕಲಿಸುವುದು ಇನ್ನೊಂದು ಪಾಡು. ಗಜೇಂದ್ರಗಡದಲ್ಲಿ ಸೀರೆ ನೇಯುವ ಮನೆಯ ಹೆಂಗಸೊಬ್ಬಳಿಗೆ ಈ ಶಾಂಪೂ ಎಷ್ಟು ಹಿಡಿಸಿತೆಂದರೆ, ಕಾಡಿ ಬೇಡಿ ಒಂದು ಬಾಟಲಿ ತರಿಸಿಕೊಂಡು ದಿನಾ ಹಾಕಿಕೊಂಡಳು. ತಿಂಗಳು ಬಿಟ್ಟು ನೋಡಿದರೆ ಕೂದಲು ಕಸಬರಿಗೆಯಂತಾಗಿತ್ತು, ಬಣ್ಣ ಹುಣಸೆ ನಾರಿನಂತೆ. "ಎಷ್ಟ ಸ್ವಚ್ಛ ಅನಸ್ತೈತಿ ಅಂತೀರಿ," ಎಂದು ಅವಳೇನೋ ಖುಷಿಯಲ್ಲೇ ಇದ್ದಳು. ಆಕೆಯ ಕೈಯಿಂದ ಬಾಟಲಿ ಕಸಿದುಕೊಂಡು ಬರಲು ನನಗೆ ಎರಡು ಮಂಗಳವಾರ ಹಿಡಿಯಿತು.

ಇಷ್ಟೆಲ್ಲ ಆಗಿ ನಾನು ಪಳಗಿದ್ದೇನೆ ಎಂದುಕೊಂಡಿದ್ದಾಗ ಗಿರಿಜಾಳ ಮದುವೆ ಬಂತು.

ಗಿರಿಜಾ ನರೇಗಲ್ಲಿನ ಒಂದು ಪ್ರಾಥಮಿಕ ಶಾಲೆಯ ಟೀಚರ್. ಹತ್ತೊಂಬತ್ತನೆಯ ವಯಸ್ಸಿಗೇ ಅವಳ ತಲೆ ನೆರೆಯಲು ಶುರುವಾಗಿತ್ತು. ನನ್ನ ಹತ್ತಿರ ಬರುವಾಗ ಇಪ್ಪತ್ತಾರು ವರ್ಷ, ಕಿವಿಯ ಮುಂದೆ ಎರಡೂ ಕಣತಲೆಯ ಮೇಲೆ ಹತ್ತಿಯಷ್ಟು ಬಿಳಿ. ಪ್ರತಿ ತಿಂಗಳ ಎರಡನೆಯ ಭಾನುವಾರ ಬಸ್ಸು ಹತ್ತಿ ರೋಣಕ್ಕೆ ಬರುತ್ತಿದ್ದಳು. ಅವಳು ಬಣ್ಣ ಹಚ್ಚಿಸಿಕೊಳ್ಳುವುದು ನರೇಗಲ್ಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅವಳಿಗೆ, ತಾಯಿ ನೀಲವ್ವನಿಗೆ, ನನಗೆ.

ಗುಟ್ಟಿಗೆ ಕಾರಣವಿತ್ತು. ಮೊದಲೊಂದು ಸಂಬಂಧ ಮಾತಾಗಿ ಹೂ ಮುಡಿಸುವ ದಿನ, ಗಂಡಿನ ಕಡೆಯ ಹೆಂಗಸು ಹೆರಳಿಗೆ ಹೂ ಇಡಲು ಹೋಗಿ ಬುಡದಲ್ಲಿ ಬಿಳಿ ಕಂಡಿದ್ದಳು. "ಹುಡುಗಿಗೆ ಏನರ ಜಡ್ಡ ಐತೇನ?" ಎಂದು ನೆರೆದವರೆದುರೇ ಕೇಳಿದ್ದಳು. ಸಂಬಂಧ ಅಲ್ಲಿಗೇ ಮುರಿಯಿತು. ಅದಾದ ಮೇಲೆ ಗಿರಿಜಾ ಆರು ತಿಂಗಳು ತರಗತಿಯಲ್ಲೂ ಸೆರಗು ಹೊದ್ದೇ ಪಾಠ ಮಾಡಿದಳಂತೆ. ಈಗ ಶಿರೋಳದಿಂದ ಒಂದು ಒಳ್ಳೆಯ ಸಂಬಂಧ ಕೂಡಿಬಂದಿತ್ತು. ಈ ಸಲವೂ ಕೈತಪ್ಪಿದರೆ ಮಗಳು ಮತ್ತೆ ಮದುವೆಯ ಮಾತೇ ಎತ್ತಗೊಡುವುದಿಲ್ಲ ಎಂಬ ಭಯ ನೀಲವ್ವನಿಗೆ.

"ಹೇಳಿಬಿಡೂಣು ಅಂದೆ ರಜಿಯಾಕ್ಕ, ಅವ್ವ ಒಲ್ಲೆ ಅಂತಾಳ," ಎಂದು ಗಿರಿಜಾ ಒಮ್ಮೆ ಕನ್ನಡಿಯಲ್ಲಿ ನನ್ನ ಮುಖ ನೋಡುತ್ತ ಹೇಳಿದ್ದಳು. ನಾನು ಬ್ರಷ್ ಅದ್ದಿಕೊಂಡೆ. ಗುಟ್ಟು ಕಾಯುವುದೂ ನಮ್ಮ ಕೆಲಸವೇ ಎಂದು ಆಗ ನಂಬಿದ್ದೆ.

ಮದುವೆ ಭಾನುವಾರ. ಲೆಕ್ಕ ಸರಿಯಾಗಿ ಹಾಕಿದೆ. ಸೋಮವಾರ ಜಿಡ್ಡಿನ ಬಾಟಲಿಯಿಂದ ತೊಳೆದು ಪರೆ ತೆಗೆದೆ. ಬುಧವಾರ ಬಣ್ಣ ಹಚ್ಚಿದೆ. ಭಾನುವಾರದವರೆಗೆ ನೀರು ಮುಟ್ಟಿಸಬೇಡ ಎಂದು ಮೂರು ಸಲ ಹೇಳಿ ಕಳಿಸಿದೆ. ನಾಲ್ಕು ದಿನದಲ್ಲಿ ಬಣ್ಣ ಕೂರುತ್ತದೆ, ಮದುವೆಯ ಬೆಳಗ್ಗೆ ಹೋಗಿ ಹೆರಳು ಹಾಕಿದರಾಯಿತು. ಶಾಲಿನಿಬಾಯಿಯವರು ನೋಡಿದ್ದರೆ ಮೆಚ್ಚುತ್ತಿದ್ದರು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಭಾನುವಾರ ಮೊದಲ ಬಸ್ಸಿಗೆ ನರೇಗಲ್ ಮುಟ್ಟಿದೆ. ಅಂಗಳಕ್ಕೆ ಕಾಲಿಟ್ಟವಳು ಅಲ್ಲೇ ನಿಂತೆ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ, ಸುತ್ತಲೂ ನೂಲು. ನಡುವೆ ಮಣೆಯ ಮೇಲೆ ಗಿರಿಜಾ. ಮುತ್ತೈದೆಯರು ಗರಿಕೆಯಿಂದ ಎಣ್ಣೆ ಮುಟ್ಟಿಸಿ ಮುಗಿಸಿದ್ದರು. ಆಮೇಲೆ ಸೋದರತ್ತೆಯರ ಸಲಿಗೆ. ಬಟ್ಟಲುಗಟ್ಟಲೆ ಎಣ್ಣೆ, ಅರಿಸಿನ ನೆತ್ತಿಗೆ ಸುರಿದು, ಎರಡೂ ಕಣತಲೆ ಗಸಗಸ ತಿಕ್ಕಿ, ಮೇಲೆ ಕೊಡಗಟ್ಟಲೆ ಬಿಸಿ ನೀರು ಹುಯ್ದಿದ್ದರು. ಹುಡುಗಿ ಕಣ್ಣು ಮುಚ್ಚಿ ಕೂತಿದ್ದಳು. ಕಾಲ ಬಳಿ ಹರಿಯುತ್ತಿದ್ದ ನೀರು ಬರೀ ಹಳದಿಯಾಗಿರಲಿಲ್ಲ.

"ಎಣ್ಣಿ ಯಾಕ ಹಾಕಿದ್ರಿ ನೀಲವ್ವಾರ?" ಎಂದೆ.

ನೀಲವ್ವ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ಯಾಕಂದ್ರ? ಸುರಗಿ ಅಲ್ಲೇನ? ಎಣ್ಣಿ ಇಲ್ದ ಸುರಗಿ ಎಲ್ಲಿ ಆಗತೈತಿ?"

ನಮ್ಮ ಮನೆಯ ಮದುವೆಗಳಲ್ಲಿ ಅರಿಸಿನ ಹಚ್ಚುವಾಗ ತಲೆಗೆ ಹಳದಿ ಓಢಣಿ ಹೊದಿಸಿರುತ್ತಾರೆ. ಮುಖ, ಕೈ, ಕಾಲಿಗಷ್ಟೇ. ಇಲ್ಲಿಯೂ ಹಾಗೇ ಎಂದುಕೊಂಡಿದ್ದೆ. ಎಷ್ಟೋ ಮದುಮಗಳಂದಿರಿಗೆ ಹೆರಳು ಹಾಕಿದ್ದೇನೆ, ಅವರ ತಲೆ ಎಣ್ಣೆಯಲ್ಲಿ ತೊಯ್ದಿರುತ್ತಿತ್ತು, ಜಿಡ್ಡಿನ ಬಾಟಲಿಯಿಂದ ತೊಳೆದು ಮುಗಿಸುತ್ತಿದ್ದೆ. ಮನೆಯವರು ಅಕ್ಕರೆಯಿಂದ ಹಚ್ಚಿದ್ದಾರೆ ಅಂದುಕೊಂಡಿದ್ದೆನೇ ಹೊರತು ಯಾಕೆ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಅವರಾರೂ ಬಣ್ಣದ ತಲೆಯವರಲ್ಲ, ಹಾಗಾಗಿ ನಡೆದುಹೋಗಿತ್ತು. ನಾನು ಹೋಗುವ ಹೊತ್ತಿಗೆ ಸುರಗಿಯ ಈ ಎಣ್ಣೆ ನೀರಿನ ಶಾಸ್ತ್ರ ಮುಗಿದು ಅಂಗಳ ಗುಡಿಸಿರುತ್ತಿತ್ತು.

ಒಳಕೋಣೆಗೆ ಕರೆದೊಯ್ದು ಬಾಗಿಲು ಹಾಕಿದೆವು. ಬಾಟಲಿ ಮುಟ್ಟಲು ಧೈರ್ಯ ಬರಲಿಲ್ಲ. ಮೊದಲು ಹಳೆಯ ಹತ್ತಿ ಸೀರೆಯಲ್ಲಿ ಒತ್ತಿ ಒತ್ತಿ ಎಣ್ಣೆ ಹೀರಿಸಿದೆ. ಒಣ ಕಡಲೆಹಿಟ್ಟು ಉದುರಿಸಿ ಹಣಿಗೆಯಿಂದ ತೆಗೆದೆ. ಇನ್ನೂ ಹೆರಳು ಕೈಯಿಂದ ಜಾರುತ್ತಿತ್ತು. ಅಡುಗೆಗೆಂದು ತಂದಿಟ್ಟಿದ್ದ ಕೆರೆಯ ಸಿಹಿ ನೀರು ಒಂದು ಕೊಡ ಕೇಳಿ ತಂದು, ತಂಬಿಗೆಗೆ ಅರ್ಧ ಚಮಚ ಶಾಂಪೂ ಮಾತ್ರ ಕಲಸಿ, ಬುಡಕ್ಕೆ ಒಮ್ಮೆ ಆಡಿಸಿ ತೊಳೆದೆ. ಉದ್ದ ಕೂದಲು ಉಳಿಯಿತು, ಒಳ್ಳೆಯ ಕಪ್ಪಾಗಿಯೇ ಉಳಿಯಿತು. ಆದರೆ ಸೋದರತ್ತೆಯರು ತಿಕ್ಕಿದ್ದ ಎರಡೂ ಕಣತಲೆಯ ಮೇಲೆ ಬಣ್ಣ ಬಿಟ್ಟಿತ್ತು. ಎರಡೆರಡು ಬೆರಳಗಲ ಬಿಳಿ, ಅದರ ಮೇಲೆ ಅರಿಸಿನದ ಛಾಯೆ.

ನೀಲವ್ವ ನೋಡಿದಳು, ನೆಲದ ಮೇಲೆ ಕುಸಿದು ಕೂತಳು. "ಹಚ್ಚ ರಜಿಯಾ. ಚೀಲದಾಗ ಐತಲಾ ಬಣ್ಣಾ, ಲಗೂ ಹಚ್ಚ. ಇನ್ನೊಂದ ತಾಸಿಗೆ ಬೀಗರು ಬರ್ತಾರ."

ಬಣ್ಣ ಚೀಲದಲ್ಲಿತ್ತು. ಅರ್ಧ ಗಂಟೆಯ ಕೆಲಸ. ಗಿರಿಜಾಳ ಕಿವಿಯ ಮೇಲಿನ ಚರ್ಮ ಮುಟ್ಟಿ ನೋಡಿದೆ, ಕೆಂಪಾಗಿ ಬಿಸಿಯಾಗಿತ್ತು. ನರಗುಂದದ ಆ ತಾಯಿ ನೆತ್ತಿ ಹಿಡಿದುಕೊಂಡು ಎದ್ದು ನಿಂತದ್ದು ಕಣ್ಣಿಗೆ ಕಟ್ಟಿತು.

"ಇವತ್ತ ಹಚ್ಚೂದಿಲ್ರಿ ನೀಲವ್ವಾರ."

"ನಿನ್ನ ಕಾಲ ಬೀಳ್ತೀನಿ."

"ಬೀಳಬ್ಯಾಡ್ರಿ. ಚರ್ಮಾ ಸುಟ್ಟ ಅಕ್ಕಿಕಾಳ ಬೀಳೂ ಹೊತ್ತಿಗೆ ಹುಡುಗಿ ಒದರಾಕತ್ರ ಏನ ಮಾಡೂದ್ರಿ?"

ನೀಲವ್ವ ಅಳತೊಡಗಿದಳು. ನನಗೂ ಅಳು ಬಂತು. ಅವಳ ಮಗಳ ಬದುಕಿಗೆ ನಾನೇ ಕಲ್ಲು ಹಾಕಿದೆ ಅನ್ನಿಸಿತು, ಇವತ್ತಿಗೂ ಆ ಕೋಣೆಯ ಕಡಲೆಹಿಟ್ಟಿನ ವಾಸನೆ ನೆನಪಿದೆ. ಗಿರಿಜಾ ಮಾತ್ರ ಕನ್ನಡಿ ತೆಗೆದುಕೊಂಡು ಎರಡೂ ಕಡೆ ನೋಡಿಕೊಂಡಳು, ಮತ್ತೆ ಕೆಳಗಿಟ್ಟಳು.

"ರಜಿಯಾಕ್ಕ ಖರೇ ಹೇಳಾಕತ್ತಾಳಬೇ. ಹೆರಳ ಹಾಕ್ರಿ ಅಕ್ಕ," ಎಂದಳು.

ಕಣತಲೆಯ ಮೇಲೆ ಕಪ್ಪು ಕೂದಲನ್ನು ಇಳಿಸಿ, ಪಿನ್ನು ಒತ್ತಿ ಹೆರಳು ಹಾಕಿದೆ. ಅಲ್ಪ ಸ್ವಲ್ಪ ಮುಚ್ಚಿತು. ಆದರೆ ಗಂಡಿನ ತಾಯಿಯೇ ಬಂದು ಹಣೆಗೆ ದಂಡೆ ಕಟ್ಟುವುದು ಅವರ ಪದ್ಧತಿ. ಹೂವಿನ ದಂಡೆಯ ದಾರ ಎರಡೂ ಕಣತಲೆಯ ಮೇಲೆ ಹಾದು ಹಿಂದಕ್ಕೆ ಹೋಗಬೇಕು. ಹೀಗೇ ಹೂ ಇಡಲು ಬಂದ ಕೈಯೊಂದು ಮೊದಲೊಂದು ಸಲ ಸಂಬಂಧ ಮುರಿದಿತ್ತು. ನಾವು ಮೂವರೂ ಅದನ್ನೇ ಯೋಚಿಸುತ್ತಿದ್ದೆವು.

ಗಂಡಿನ ತಾಯಿ ಶಾಂತವ್ವ ಒಳಗೆ ಬಂದಳು. ಎತ್ತರದ ಆಳು, ತಲೆತುಂಬ ಸೆರಗು, ಕೈಯಲ್ಲಿ ದಂಡೆಯ ತಟ್ಟೆ. ಅವಳ ಹಿಂದೆ ನಾಲ್ಕಾರು ಹೆಂಗಸರು. ಗಿರಿಜಾಳ ಮುಂದೆ ಕೂತು ದಂಡೆ ಎತ್ತಿದಳು. ದಾರ ಸರಿಸಲು ಕೂದಲಿಗೆ ಬೆರಳು ಹಾಕಿದವಳ ಕೈ ನಿಂತಿತು. ಗಿರಿಜಾ ತಲೆ ಎತ್ತಿ ಅವಳ ಮುಖವನ್ನೇ ನೋಡಿದಳು. ನಾನು ಗೋಡೆಗೆ ಒರಗಿ ನಿಂತಿದ್ದೆ.

ಶಾಂತವ್ವ ದಂಡೆಯನ್ನು ಎರಡು ಬೆರಳು ಕೆಳಗಿಳಿಸಿದಳು. ಎರಡೂ ಕಡೆಯ ಮಲ್ಲಿಗೆಯನ್ನು ಬಿಳಿಯ ಮೇಲೆ ಒತ್ತಿ ಕೂರಿಸಿ, ಹಿಂದೆ ಗಂಟು ಬಿಗಿದಳು.

"ದಂಡಿ ಭಾಳ ಕೆಳಗ ಬಂತಲ್ಲಬೇ," ಎಂದಳು ಹಿಂದಿದ್ದ ಹೆಂಗಸು.

"ಇರಲಿ ಬಿಡು. ಹಿಂಗ ಚಂದ ಕಾಣಸ್ತೈತಿ," ಎಂದು ಶಾಂತವ್ವ ಎದ್ದಳು. ಹೋಗುವಾಗ ನನ್ನನ್ನೂ ನನ್ನ ಚೀಲವನ್ನೂ ಒಮ್ಮೆ ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ನನಗೆ ತಿಳಿಯಲಿಲ್ಲ.

ಅಕ್ಕಿಕಾಳು ಬಿದ್ದವು, ಮದುವೆ ಆಯಿತು. ನಾನು ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದೆ. ಶಾಂತವ್ವ ನೆರೆದವರ ಮುಂದೆ ಮಾನ ಉಳಿಸಿದಳು ನಿಜ, ಮನೆಗೆ ಹೋದ ಮೇಲೆ ಆ ಹುಡುಗಿಯನ್ನು ಏನು ಕೇಳುತ್ತಾಳೋ ಎಂಬ ಹೆದರಿಕೆ ನನ್ನನ್ನು ಬಿಡಲಿಲ್ಲ. ಮುಂದಿನ ತಿಂಗಳ ಎರಡನೆಯ ಭಾನುವಾರ ಪರದೆ ಅಲುಗಿದಾಗಲೆಲ್ಲ ಎದ್ದು ನೋಡಿದೆ. ಗಿರಿಜಾ ಬರಲಿಲ್ಲ. ನೀಲವ್ವನಿಗೆ ಫೋನು ಮಾಡಿ ಕೇಳುವ ಮುಖ ನನಗಿರಲಿಲ್ಲ. ಆ ದಿನಗಳಲ್ಲೇ ಒಂದು ಅಭ್ಯಾಸ ಮಾಡಿಕೊಂಡೆ, ನೀವೂ ಮಾಡಿಕೊಳ್ಳಿ. ಮದುಮಗಳು ಬಣ್ಣಕ್ಕೆ ಬಂದರೆ ಮದುವೆ ಯಾವತ್ತು ಎಂದು ಕೇಳುವ ಮೊದಲು, ಎಣ್ಣೆ ಹಚ್ಚುವ ಶಾಸ್ತ್ರ ಯಾವತ್ತು ಎಂದು ಕೇಳಿ. ಯಾವ ಜಾತಿ, ಯಾವ ಮನೆ ಇದ್ದರೂ ಕೇಳಿ. ಗೊತ್ತಿದೆ ಅಂದುಕೊಳ್ಳಬೇಡಿ. ಸುರಗಿ ಮುಗಿಸಿ, ಎಣ್ಣೆ ತೆಗೆದು, ಮಾರನೆಯ ದಿನ ಬಣ್ಣ ಹಚ್ಚಿ, ಆಮೇಲೆ ಮದುವೆ ಬರುವ ಹಾಗೆ ಮನೆಯವರನ್ನು ಒಪ್ಪಿಸಿ. ಕೇಳಿದರೆ ಒಪ್ಪುತ್ತಾರೆ. ನಾನು ಕೇಳಿರಲಿಲ್ಲ, ಅಷ್ಟೇ.

ಮತ್ತೆರಡು ವಾರ ಕಳೆದು ಒಂದು ಭಾನುವಾರ ಪರದೆ ಸರಿಸಿಕೊಂಡು ಮೊದಲು ಒಳಗೆ ಬಂದವಳು ಶಾಂತವ್ವ. ನನ್ನ ಕೈಯಲ್ಲಿದ್ದ ಹಣಿಗೆ ಕೆಳಗೆ ಬಿತ್ತು. ಅವಳ ಹಿಂದೆ ಗಿರಿಜಾ, ಮುಖದಲ್ಲಿ ತಡೆಯಲಾಗದ ನಗು.

ಶಾಂತವ್ವ ಪರದೆಯನ್ನು ತಾನೇ ಪೂರ್ತಿ ಎಳೆದಳು. ಕುರ್ಚಿಯಲ್ಲಿ ಕೂತು ಸೆರಗು ಇಳಿಸಿದಳು. ಬುಡದಲ್ಲಿ ಎರಡು ಬೆರಳು ಬಿಳಿ, ಕೆಳಗೆಲ್ಲ ಬೋರಿನ ಸವಳು ನೀರಿಗೆ ತಿರುಗಿದ ಕೆಂಪು.

"ಈಕೀದು ಆಮ್ಯಾಲ ನೋಡ್ರಿ. ಮೊದ್ಲ ನಂದ ನೋಡ್ರಿ," ಎಂದಳು. "ಹನ್ನೆರಡ ವರ್ಷ ಆತು, ಬಚ್ಚಲ ಬಾಗಲಾ ಹಾಕ್ಕೊಂಡು ನಾನ ಹಚ್ಕೋತೀನಿ. ನಮ್ಮ ಮನಿಯವರಿಗೂ ಗೊತ್ತಿಲ್ಲ. ಈಗ ಈಕಿಗೊಬ್ಬಾಕಿಗೆ ಗೊತ್ತು."

ಬಿದ್ದ ಹಣಿಗೆ ಎತ್ತಿಕೊಂಡೆ. ಕೂದಲನ್ನು ಬೆರಳಲ್ಲಿ ಹಿಡಿದು ನೋಡಿದೆ. ಹನ್ನೆರಡು ವರ್ಷದ ಪರೆ ಇತ್ತು.

"ಇವತ್ತ ಬರೇ ತೊಳೀತೀನ್ರಿ ಶಾಂತವ್ವಾರ. ತೊಳದ ದಿನಾನ ಬಣ್ಣಾ ಹಚ್ಚೂದಿಲ್ಲ. ನಾಳೆ ಮತ್ತ ಬರಬೇಕಾಗ್ತೈತ್ರಿ."

"ಇಬ್ಬರೂ ಅದೀವಲಾ, ಬರ್ತೀವಿ ತಗೋರಿ," ಎಂದಳು ಶಾಂತವ್ವ.

ಗಿರಿಜಾ ಹಿಂದೆ ನಿಂತು ಅತ್ತೆಯ ಹೆಗಲಿಗೆ ಟಾವೆಲ್ ಹೊದಿಸಿದಳು. ನಾನು ಒಂದು ತಂಬಿಗೆ ಸಿಹಿ ನೀರು ತೆಗೆದುಕೊಂಡು ಅದಕ್ಕೆ ಜಿಡ್ಡಿನ ಬಾಟಲಿಯಿಂದ ಒಂದು ಸಣ್ಣ ಚಮಚ ಕಲಸಿದೆ. ಮರುದಿನ ಶಿರೋಳದ ಮೊದಲ ಬಸ್ಸಿಗೇ ಇಬ್ಬರೂ ಬಂದರು.